ಇದಕ್ಕೆ ಮುಂಚೆ ಏನಾಯ್ತು

ಕಳೆದ ವರ್ಷ ಜನವರಿಯ ಮೊದಲ ಭಾನುವಾರ ಚಂದಾಪುರದ ಓದುವ ಮನೆಯ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದರು. ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ಪುಸ್ತಕ ಓದಿ ಮುಗಿಸಿದವರಿಗೆ ಕಾಯಂ ಕಾರ್ಡು ಕೊಡಲಾಗುವುದು, ಬಾಡಿಗೆ ಕರಾರು ಪತ್ರ ಕೇಳುವುದಿಲ್ಲ ಎಂದು ಅದರ ಮೇಲೆ ಬರೆದಿತ್ತು.

ಕರಾರು ಪತ್ರ ಕೇಳುವುದಿಲ್ಲ ಎಂಬುದೇ ಅದರಲ್ಲಿ ಮುಖ್ಯ ಮಾತು. ಕಾರ್ಡು ಬೇಕಾದರೆ ವಿಳಾಸದ ಪುರಾವೆಗೆ ಆ ಪತ್ರ ತೋರಿಸಬೇಕಿತ್ತು. ಕಾರ್ಡು ಇದ್ದವರು ಪುಸ್ತಕವನ್ನು ಮನೆಗೆ ಒಯ್ಯಬಹುದು. ಇಲ್ಲದವರು ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಓದಬೇಕು, ಅದೂ ಬಾಗಿಲು ತೆರೆದಿರುವ ಭಾನುವಾರಗಳಲ್ಲಿ ಮಾತ್ರ. ಮೂವರು ನಾಲ್ವರು ಸೇರಿ ಒಂದು ರೂಮು ಹಿಡಿದ ಕಾರ್ಖಾನೆ ಕೆಲಸದವರಲ್ಲಿ ಕರಾರು ಪತ್ರ ತಮ್ಮ ಹೆಸರಿನಲ್ಲಿ ಇರುವವರು ಕಡಿಮೆ. ಈ ಹನ್ನೆರಡು ಪುಸ್ತಕದ ಸವಾಲಿಗೆ ಹೆಸರು ಕೊಟ್ಟವರಿಗೆ ಆ ಒಂದು ವರ್ಷದ ಮಟ್ಟಿಗೆ ತಾತ್ಕಾಲಿಕ ಕಾರ್ಡು ಸಿಗುತ್ತಿತ್ತು. ಸೋತರೆ ಮತ್ತೆ ಕುರ್ಚಿ.

ಓದುವ ಮನೆ ಎಂದರೆ ಒಂದು ಮಳಿಗೆ. ಅದರ ಯಜಮಾನರು ಆ ಊರಿನವರೇ. ಒಂದು ಕಾಲಕ್ಕೆ ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಅವರದೇ ಮೂರು ಕಟ್ಟಡಗಳಿವೆ. ಬಾಡಿಗೆಗೆ ಹೋಗದೆ ಉಳಿದ ಮಳಿಗೆಯೊಂದರಲ್ಲಿ, ಫ್ಲ್ಯಾಟು ಖಾಲಿ ಮಾಡುವವರು ಬಿಟ್ಟುಹೋದ ಪುಸ್ತಕಗಳನ್ನು ಜೋಡಿಸಿಟ್ಟು ಇದನ್ನು ಶುರು ಮಾಡಿದರು. ಅವರು ಸ್ವತಃ ದಿನಪತ್ರಿಕೆ ಬಿಟ್ಟು ಬೇರೇನೂ ಓದುವುದಿಲ್ಲ. ಆದರೆ ಯಾರು ಓದಿದ್ದಾರೆ, ಯಾರು ಓದಿಲ್ಲ ಎಂದು ಕಂಡುಹಿಡಿಯಲು ಅವರದೇ ಒಂದು ಪದ್ಧತಿ ಇತ್ತು. ತಿಂಗಳ ಕೊನೆಯ ಭಾನುವಾರ ಓದಿದವರು ಎದ್ದು ನಿಲ್ಲಬೇಕು. ಯಜಮಾನರು ಪುಸ್ತಕವನ್ನು ಕೈಗೆ ತೆಗೆದುಕೊಂಡು, ಅದು ಎಲ್ಲಿ ತೆರೆದುಕೊಳ್ಳುತ್ತದೋ ಆ ಪುಟದ ಮೊದಲ ಸಾಲು ಓದಿ, "ಇದಕ್ಕೆ ಮುಂಚೆ ಏನಾಯ್ತು?" ಎಂದು ಕೇಳುತ್ತಾರೆ. ಉತ್ತರ ಹೇಳಿದ ಮೇಲೆ ಹಿಂದಿನ ಪುಟ ತಿರುವಿ ನೋಡುತ್ತಾರೆ. ಹೊಂದಿದರೆ ಮುಗಿಸಿದ ಹಾಗೆ. ಹೊಂದದಿದ್ದರೆ ಆ ತಿಂಗಳು ತಪ್ಪಿತು. ತಪ್ಪಿದ ಪುಸ್ತಕವನ್ನು ಡಿಸೆಂಬರಿನಲ್ಲಿ ಒಂದು ಸಲ ಮಾತ್ರ ಮತ್ತೆ ಹೇಳಬಹುದು.

ನಾನಿರುವುದು ಸಿಂಗಸಂದ್ರದಲ್ಲಿ. ಪತ್ರಿಕೆಯ ಡೆಸ್ಕಿನಲ್ಲಿ ಬಹುಕಾಲ ಇದ್ದು ಬಿಟ್ಟವನು. ಅಲ್ಲಿ ಕಲಿತ ಅಭ್ಯಾಸವೊಂದು ಉಳಿದುಬಿಟ್ಟಿದೆ: ಯಾವ ವಾಕ್ಯ ಓದಿದರೂ, ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು ಎಂದು ಕೇಳಿಕೊಳ್ಳುವುದು. ಸುದ್ದಿಗೆ ಇದು ಒಳ್ಳೆಯದು. ಪುಸ್ತಕಕ್ಕೆ ಎಷ್ಟು ಒಳ್ಳೆಯದೋ ತಿಳಿಯದು. ಈ ಸವಾಲಿಗೆ ಹೆಸರು ಕೊಟ್ಟಿದ್ದರಲ್ಲಿ ಅದನ್ನು ನೋಡುವ ಉದ್ದೇಶವೂ ಇತ್ತು.

ಜನವರಿಯಲ್ಲಿ ಓದಿದ್ದು ಒಬ್ಬ ನಿವೃತ್ತ ಅಧಿಕಾರಿಯ ಆತ್ಮಕಥೆ. ಅವರು ಯಾವ ಊರಿನಿಂದ ವರ್ಗವಾದರೂ ಜನ ಅಳುತ್ತಾರೆ. ಮೂರನೆಯ ವರ್ಗಾವಣೆಗೆ ನನಗೆ ಅನುಮಾನ ಬಂತು. ಐದನೆಯದರ ಹೊತ್ತಿಗೆ, ಅತ್ತವರಲ್ಲಿ ಒಬ್ಬರಿಗಾದರೂ ಹೆಸರಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಆದರೆ ಅದೇ ಪುಸ್ತಕದಲ್ಲಿ ಅವರ ಹೆಂಡತಿ ಪ್ರತಿ ಊರಿನಲ್ಲೂ ಮೊದಲು ನಲ್ಲಿ ತಿರುಗಿಸಿ ನೋಡುತ್ತಿದ್ದರು ಎಂಬ ಒಂದು ವಾಕ್ಯವಿದೆ. ಅದನ್ನು ನಂಬಿದೆ. ಫೆಬ್ರವರಿಯಲ್ಲಿ ಪ್ರವಾಸ ಕಥನ. ಲೇಖಕರು ಎಂಟು ದೇಶ ಸುತ್ತಿದರೂ ಒಮ್ಮೆಯೂ ಹೊಟ್ಟೆ ಕೆಡುವುದಿಲ್ಲ, ಶೌಚಾಲಯ ಹುಡುಕುವುದಿಲ್ಲ. ಹೋಗಿದ್ದು ಅವರೇ ಹೌದೋ, ಇಲ್ಲ ಯಾರೋ ಹೋಗಿಬಂದು ಹೇಳಿದ್ದೋ ಎಂದು ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಮಾರ್ಚಿನದು ನೈಸರ್ಗಿಕ ಕೃಷಿಯ ಬಗ್ಗೆ. ಮುಖಪುಟದಲ್ಲಿ ಲೇಖಕರು ಗದ್ದೆಯ ನಡುವೆ ಬಿಳಿ ಪಂಚೆಯಲ್ಲಿ ನಿಂತಿದ್ದಾರೆ. ಪಂಚೆಯ ಅಂಚನ್ನು ಬಹಳ ಹೊತ್ತು ನೋಡಿದೆ.

ಏಪ್ರಿಲಿನಲ್ಲಿ ಪತ್ತೇದಾರಿ ಕಾದಂಬರಿ. ನನ್ನ ಅನುಮಾನ ಪುಸ್ತಕದಿಂದ ಮನುಷ್ಯರ ಕಡೆಗೆ ತಿರುಗಿದ್ದು ಆಗ.

ಆ ಪುಸ್ತಕವನ್ನು ನನಗಿಂತ ಮೊದಲು ಒಯ್ದಿದ್ದವರು ಗದಗದ ಕಡೆಯ ಒಬ್ಬ ಹೆಂಗಸು. ಜಿಗಣಿಯ ಒಂದು ಮುದ್ರಣ ಘಟಕದ ಬೈಂಡಿಂಗ್ ವಿಭಾಗದಲ್ಲಿ ಕೆಲಸ. ಚಂದಾಪುರದಲ್ಲಿ ಯಜಮಾನರ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ಅದೇ ಘಟಕದ ಇನ್ನಿಬ್ಬರು ಹೆಂಗಸರ ಜೊತೆ ವಾಸ. ಸವಾಲಿಗೆ ಹೆಸರು ಕೊಟ್ಟಿದ್ದು ಮಾತ್ರ ಇವರೊಬ್ಬರೇ. ಪುಸ್ತಕ ಒಯ್ದು ಒಂದು ವಾರವಾಗಿದ್ದಾಗ ಬಾಗಿಲಲ್ಲಿ ಸಿಕ್ಕರು. ಹೇಗಿದೆ ಎಂದು ಕೇಳಿದೆ.

"ಕೊಂದಾಂವ ಡಾಕ್ಟರ್ ಅಂತ ಗೊತ್ತಾತ್ರೀ ಸರ. ಯಾಕ್ ಕೊಂದ ಅನ್ನೂದು ಗೊತ್ತಾಗಿಲ್ಲ."

"ಕೊನೆ ಓದಿಬಿಟ್ರಾ?"

"ಹೂನ್ರಿ. ನಡುವಿಂದು ಇನ್ನಾ ನನ್ನ ಕೈಗೆ ಬಂದಿಲ್ಲ."

ಕೈಗೆ ಬಂದಿಲ್ಲ ಎಂದರೆ ಏನು ಎಂದು ಕೇಳುವ ಮೊದಲೇ ಅವರ ಕಂಪನಿ ಬಸ್ಸು ಬಂತು. ನನಗೆ ಹೊಳೆದದ್ದು ಒಂದೇ: ಈಕೆ ಪುಸ್ತಕದ ಕೊನೆಯ ಪುಟಗಳನ್ನಷ್ಟೇ ಓದಿ ಮುಗಿಸಿದೆ ಎನ್ನುತ್ತಿದ್ದಾರೆ. ಆದರೆ ಆ ತಿಂಗಳ ಕೊನೆಯಲ್ಲಿ ಯಜಮಾನರು ಕೇಳಿದ ಸಾಲಿಗೆ ಸರಿಯಾದ ಉತ್ತರ ಹೇಳಿದರು. ಮೇ ತಿಂಗಳಿನಲ್ಲೂ ಹೇಳಿದರು. ಪುಸ್ತಕದ ಬಗ್ಗೆ ಮಾತಾಡುವಾಗ ಅವರು ಯಾವಾಗಲೂ "ನಾವು ಓದಿದ್ವಿ" ಎನ್ನುತ್ತಿದ್ದುದನ್ನೂ ಗಮನಿಸಿದೆ. ಆ ಕಡೆಯವರು ಮರ್ಯಾದೆಗೆ ಹಾಗೆ ಹೇಳುವುದಿದೆ ಎಂದು ಬಿಟ್ಟುಬಿಟ್ಟೆ.

ಜೂನಿನಲ್ಲಿ ಅವರು ತೆಗೆದುಕೊಂಡದ್ದು ಒಂದು ದಪ್ಪ ಕಾದಂಬರಿ. ರೈಲ್ವೆ ಜಂಕ್ಷನ್ ಇರುವ ಊರಿನಲ್ಲಿ ಖಾನಾವಳಿ ನಡೆಸುವ ಮುದುಕಿಯೊಬ್ಬಳ ಕಥೆ. ತಿಂಗಳ ಕೊನೆಯ ಭಾನುವಾರ ಯಜಮಾನರು ಪುಸ್ತಕ ತೆರೆದು ಸಾಲು ಓದಿದರು. ಮುದುಕಿ ತಾನೇ ಒಲೆಯ ಮುಂದೆ ಕೂತು ರೊಟ್ಟಿ ತಟ್ಟತೊಡಗಿದಳು ಎಂದಿತ್ತು.

"ಇದಕ್ಕೆ ಮುಂಚೆ ಏನಾಯ್ತಮ್ಮ?"

"ಅಡಗಿ ಮಾಡಾಂವ ಜಗಳಾ ತಗದು ಓಡಿ ಹೋದ್ನಲ್ರೀ. ಗಿರಾಕಿ ಕುಂತಾರ, ರೊಟ್ಟಿ ಇಲ್ಲ. ಅದಕ್ಕ ಆಕಿನ ಕುಂತಳು."

ಯಜಮಾನರು ಹಿಂದಿನ ಪುಟ ನೋಡಿದರು. ಮತ್ತೊಮ್ಮೆ ನೋಡಿದರು.

"ಇಲ್ಲಿ ನೋಡಮ್ಮ, ಮುದುಕಿ ಸತ್ತೋಗವ್ಳೆ. ಮಣ್ಣು ಮಾಡ್ಕಂಡು ಬಂದು ಜನ ಸ್ನಾನ ಮಾಡ್ತಾವ್ರೆ. ನೀನು ಅಡುಗೆಯೋನು ಓಡೋದ ಅಂತೀಯ."

ಆಕೆ ಯಜಮಾನರ ಮುಖ ನೋಡಲಿಲ್ಲ. ಪುಸ್ತಕದ ಬೆನ್ನನ್ನು ನೋಡಿದರು. ನಂತರ "ತಪ್ಪಾಗಿರಬೇಕ್ರಿ" ಎಂದು ಹೇಳಿ ಕೂತರು. ಕಲಾಪವನ್ನು ಬರೆದುಕೊಳ್ಳುವ ಕೆಲಸ ನನಗೆ ಒಪ್ಪಿಸಿದ್ದರು. ಜೂನ್ ತಪ್ಪಿತು ಎಂದು ಬರೆದೆ. ಒಳಗೊಳಗೇ, ನಾನಂದುಕೊಂಡದ್ದು ಸರಿಯಾಯಿತಲ್ಲ ಎಂದೂ ಅನ್ನಿಸಿತು.

ಅದೇ ಪುಸ್ತಕವನ್ನು ಆಮೇಲೆ ಒಯ್ದವರು ನಮ್ಮ ಗುಂಪಿನಲ್ಲಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಓದಿದ್ದನ್ನು ಚೆನ್ನಾಗಿ ಹೇಳಬಲ್ಲವರು, ಹೇಳುವುದನ್ನು ಬೇಗ ನಿಲ್ಲಿಸಲಾರದವರು. ಆಗಸ್ಟಿನ ಕೊನೆಯ ಭಾನುವಾರ ಅವರ ಸರದಿ ಬಂದಾಗ ಪುಸ್ತಕ ಮತ್ತೆ ಅದೇ ರೊಟ್ಟಿಯ ಪುಟದಲ್ಲಿ ತೆರೆದುಕೊಂಡಿತು.

"ಇದಕ್ಕೆ ಮುಂಚೆ ಅವಳು ಸತ್ತಿದ್ದಾಳೆ," ಎಂದರು ಮ್ಯಾನೇಜರ್. "ಅದೇ ಈ ಕಾದಂಬರಿಯ ಜೀವ ಸಾರ್. ಸತ್ತವಳು ಎದ್ದು ಬಂದು ರೊಟ್ಟಿ ತಟ್ತಾಳೆ, ಒಂದಷ್ಟು ದಿನ ಖಾನಾವಳಿ ನಡೆಸ್ತಾಳೆ, ಮತ್ತೆ ಮಾಯ ಆಗ್ತಾಳೆ. ಯಾರೂ ಒಂದು ಮಾತು ಕೇಳಲ್ಲ. ಲೇಖಕರೂ ವಿವರಣೆ ಕೊಡಲ್ಲ. ಎಂಥ ಧೈರ್ಯ ನೋಡಿ!"

ಯಜಮಾನರು ಹಿಂದಿನ ಪುಟ ತಿರುವಿ, "ಸರೀಗೈತೆ" ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಬೈಂಡಿಂಗಿನ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೆಮ್ಮು ಎಂದುಕೊಂಡೆ.

ಎರಡು ವಿಷಯ ನನಗೆ ಸರಿಬರಲಿಲ್ಲ. ಒಂದು, ಪುಸ್ತಕ ಎರಡು ಸಲವೂ ಒಂದೇ ಕಡೆ ತೆರೆದುಕೊಂಡದ್ದು. ಇನ್ನೊಂದು, ಓದದವರು ಕಟ್ಟಿ ಹೇಳುವ ಸುಳ್ಳು ಸಾಮಾನ್ಯವಾಗಿ ಹೀಗಿರುವುದಿಲ್ಲ. ಗೊತ್ತಿಲ್ಲದವರು ತೇಲಿಸಿ ಹೇಳುತ್ತಾರೆ. ಗಿರಾಕಿ ಕುಂತಾರ, ರೊಟ್ಟಿ ಇಲ್ಲ ಎಂಬಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಡೆಸ್ಕಿನಲ್ಲಿ ಒಂದೇ ಘಟನೆಗೆ ಎರಡು ವರದಿ ಬಂದಾಗ ಮಾಡುತ್ತಿದ್ದುದು ಒಂದೇ ಕೆಲಸ, ಮೂಲವನ್ನು ನೋಡುವುದು. ಆದರೆ ಆ ಪುಸ್ತಕಕ್ಕೆ ಆಗಲೇ ಬೇರೆಯವರು ಹೆಸರು ಹೇಳಿಟ್ಟಿದ್ದರು. ನನ್ನ ಕೈಗೆ ಬಂದದ್ದು ನವೆಂಬರಿನಲ್ಲಿ.

ಅಷ್ಟರಲ್ಲಿ ಸೆಪ್ಟೆಂಬರಿನಲ್ಲಿ ಯಶಸ್ಸಿನ ಸೂತ್ರಗಳ ಪುಸ್ತಕವೊಂದನ್ನು ಓದಿದೆ. ಅದನ್ನು ನಮ್ಮ ಓದುವ ಮನೆಗೆ ಬಿಟ್ಟುಹೋದವರು ಮೊದಲ ಇಪ್ಪತ್ತು ಪುಟದವರೆಗೆ ಮಾತ್ರ ಅಡಿಗೆರೆ ಎಳೆದಿದ್ದರು. ಅಕ್ಟೋಬರಿನಲ್ಲಿ ಸಣ್ಣ ಕಥೆಗಳ ಸಂಕಲನ. ಅದರಲ್ಲಿ ಕಿವುಡ ಟೈಲರ್ ಒಬ್ಬನ ಕಥೆ ಇತ್ತು. ಅನುಮಾನಿಸಲು ಏನೂ ಸಿಗದೆ ಎರಡು ಸಲ ಓದಿದೆ. ವರ್ಷದಲ್ಲಿ ಹಾಗಾದದ್ದು ಅದೊಂದೇ.

ಖಾನಾವಳಿಯ ಕಾದಂಬರಿ ನಿಜಕ್ಕೂ ಚೆನ್ನಾಗಿತ್ತು. ಚಿಕ್ಕ ಚಿಕ್ಕ ಅಧ್ಯಾಯಗಳು. ಒಂದೊಂದು ಅಧ್ಯಾಯ ಒಂದೊಂದು ಊಟದ ಹೊತ್ತು. ಪ್ರತಿಯೊಂದೂ ಪುಟದ ತುದಿಗೆ ಬಂದು ಮುಗಿದು, ಮುಂದಿನದು ಹೊಸ ಪುಟದಲ್ಲಿ ಶುರುವಾಗುತ್ತದೆ. ಅಡುಗೆಯವನು ಜಗಳವಾಡಿ ಓಡಿಹೋದ. ಪುಟ ತಿರುವಿದೆ. ಮುದುಕಿ ಕಾಯಿಲೆ ಬಿದ್ದಿದ್ದಳು. ಕೆಳಗೆ ಪುಟಸಂಖ್ಯೆ ನೋಡಿದೆ. 160ರ ಮುಂದೆ 193. 208ರ ಹೊತ್ತಿಗೆ ಅವಳು ಸತ್ತು ಮಣ್ಣಾಗಿರುತ್ತಾಳೆ. ಅದರ ಮುಂದೆ 161, ರೊಟ್ಟಿ.

ಪುಟವೂ ಕಳೆದಿರಲಿಲ್ಲ, ಮುದುಕಿಯೂ ಎದ್ದು ಬಂದಿರಲಿಲ್ಲ. ಹದಿನಾರು ಪುಟಗಳ ಒಂದು ಕಂತೆ, ಇರಬೇಕಾದ ಜಾಗಕ್ಕಿಂತ ಎರಡು ಕಂತೆಗಳಷ್ಟು ಮೊದಲೇ ಸೇರಿಕೊಂಡಿತ್ತು. ಮುದ್ರಣಾಲಯದಲ್ಲೇ ಆದ ತಪ್ಪಿರಬಹುದು ಎಂದು ಬೆನ್ನನ್ನು ದೀಪಕ್ಕೆ ಹಿಡಿದೆ. ಪುಸ್ತಕ ಹಳೆಯದು, ಹೊಲಿಗೆಯ ದಾರ ಹೊಸದು. ಅಂಟು ಆ ಸೇರಿಕೆಯ ಕಡೆ ದಪ್ಪವಾಗಿ ಒಣಗಿ ಗಟ್ಟಿಯಾಗಿತ್ತು. ಪುಸ್ತಕ ಪ್ರತಿ ಸಲ ಅಲ್ಲೇ ತೆರೆದುಕೊಳ್ಳಲು ಅದೇ ಕಾರಣ. ಯಾರೋ ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಬಿಚ್ಚುವುದು ಏಕೆ? ನಕಲು ತೆಗೆದು ಮಾರಲು. ಬೇರೆ ಕಾರಣ ತೋಚಲಿಲ್ಲ. ಜನವರಿಯ ಆತ್ಮಕಥೆಯನ್ನು ಕಪಾಟಿನಿಂದ ತೆಗೆಸಿ ನೋಡಿದೆ. ಅದರಲ್ಲೂ ಹೊಸ ದಾರ. ಅದನ್ನೂ ನನಗಿಂತ ಮೊದಲು ಒಯ್ದಿದ್ದವರು ಆ ಬೈಂಡಿಂಗಿನ ಹೆಂಗಸೇ. ನಾನು ಅಧಿಕಾರಿಗಾಗಿ ಜನ ಸುರಿಸಿದ ಕಣ್ಣೀರನ್ನು ಪರೀಕ್ಷಿಸುತ್ತಿದ್ದಾಗ ಹೊಲಿಗೆ ನನ್ನ ಬೆರಳಿನ ಕೆಳಗೇ ಇತ್ತು.

ಮುಂದಿನ ಭಾನುವಾರ ಮಧ್ಯಾಹ್ನ ಪುಸ್ತಕ ಹಿಡಿದು ಮೂರನೇ ಮಹಡಿ ಹತ್ತಿದೆ. ಬಾಗಿಲ ಹೊರಗೆ ಬಟ್ಟೆ ಒಣಹಾಕಿದ್ದ ಪ್ಯಾಸೇಜಿನಲ್ಲಿ ಮೂವರೂ ಕೂತು ಸೊಪ್ಪು ಬಿಡಿಸುತ್ತಿದ್ದರು. ಪುಸ್ತಕವನ್ನು ಅದರ ಪಾಡಿಗೆ ತೆರೆದುಕೊಳ್ಳಲು ಬಿಟ್ಟು ನೆಲದ ಮೇಲಿಟ್ಟೆ.

"ನೋಡಿದ್ರ್ಯಾ?" ಎಂದು ಕಾರ್ಡು ಪಡೆದಿದ್ದ ಹೆಂಗಸು ಜೊತೆಯವರ ಕಡೆ ತಿರುಗಿದರು. "ಪೇಪರಿನ್ಯಾಗಿದ್ದವ್ರು ಅಂತ ನಾ ಅವತ್ತ ಹೇಳಿಲ್ಲೇನು? ಇವ್ರು ಹಿಡೀತಾರ ಅಂದಿದ್ನಿಲ್ಲೋ?"

"ನಕಲು ತೆಗೆಯೋಕೆ ಬಿಚ್ಚಿದ್ದಾ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ವಯಸ್ಸಿನಲ್ಲಿ ಹಿರಿಯಳಾದವಳು ಜೋರಾಗಿ ನಕ್ಕಳು. "ಅಯ್ಯ, ಇದನ್ಯಾರ್ ಕೊಳ್ತಾರ್ರೀ ಸರ? ಓದ್ಲಿಕ್ಕೆ ಬಿಚ್ಚಿದ್ದು."

ಅವರ ಕೆಲಸದ ರೀತಿ ಹೀಗೆ. ಪುಸ್ತಕ ಎಂಬುದು ಅವರ ಕೈಗೆ ಪುಸ್ತಕವಾಗಿ ಬರುವುದೇ ಇಲ್ಲ. ಹದಿನಾರು ಪುಟಗಳಿಗೆ ಮಡಿಸಿದ ಕಂತೆಗಳಾಗಿ ಬರುತ್ತದೆ. ಅದನ್ನು ಅವರು ಫಾರಂ ಎನ್ನುತ್ತಾರೆ. ಫಾರಂಗಳನ್ನು ಸಾಲಾಗಿ ಎತ್ತಿ ಜೋಡಿಸಿ, ಹೊಲಿದು, ಅಂಟು ಹಾಕಿದ ಮೇಲೆ ಅದು ಪುಸ್ತಕ. ರೂಮಿನಲ್ಲಿ ಮೂವರೂ ಬೇರೆ ಬೇರೆ ಪಾಳಿಯವರು. ಕಾರ್ಡು ಒಂದು, ಪುಸ್ತಕ ಒಂದು, ಇಟ್ಟುಕೊಳ್ಳಲು ಹದಿನೈದು ದಿನ. ಒಬ್ಬರು ಮುಗಿಸಿ ಇನ್ನೊಬ್ಬರಿಗೆ ಕೊಡುವಷ್ಟು ವ್ಯವಧಾನವಿಲ್ಲ. ಆದ್ದರಿಂದ ತಂದ ದಿನವೇ ದಾರ ಕತ್ತರಿಸಿ, ಫಾರಂ ಬಿಡಿಸಿ ಹಂಚಿಕೊಳ್ಳುತ್ತಾರೆ. ಮುಗಿದದ್ದನ್ನು ದಿಂಬಿನ ಕೆಳಗಿಟ್ಟು ಪಾಳಿಗೆ ಹೋಗುತ್ತಾರೆ. ಬಂದವರು ಅದನ್ನು ಎತ್ತಿಕೊಳ್ಳುತ್ತಾರೆ. ಪುಸ್ತಕ ವಾಪಸು ಕೊಡುವ ಹಿಂದಿನ ದಿನ ಹೊಲಿಗೆ.

"ಈ ಪುಸ್ತಕದಾಗ ಮುದುಕಿ ಸಾಯೂ ಫಾರಂ ನನಗ ಮೊದಲ ಬಂತ್ರಿ," ಎಂದಳು ಹಿರಿಯಳು. "ಇವರಿಬ್ರಿಗೆ ಹೇಳಬ್ಯಾಡ ಅಂದ್ರ ಹ್ಯಾಂಗ್ ತಡ್ಕೋಬೇಕು? ಅತ್ಗೊಂತ ರೊಟ್ಟಿ ಬಡದೆ. ಇವರು ಏನಾತು ಏನಾತು ಅಂತ ಜೀವಾ ತಿಂದ್ರು."

"ಹೊಲಿಗೆ ತಪ್ಪಿದ್ದು?"

"ಅದನ್ನೂ ಈಕಿನ," ಎಂದು ಮೂರನೆಯವಳು ಹಿರಿಯಳ ಕಡೆ ಬೆರಳು ತೋರಿಸಿದಳು. "ಆವತ್ತ ಡಬಲ್ ಪಾಳಿ ಮುಗಿಸಿ ಬಂದಿದ್ಳು. ಇಷ್ಟ್ ವರ್ಷ ಕಂಪನ್ಯಾಗ ತಪ್ಪಿಲ್ಲ, ಮನ್ಯಾಗ ತಪ್ಪಿದ್ಳು."

ಕಾರ್ಡಿನ ಹೆಂಗಸು ನಗಲಿಲ್ಲ. "ಖರೇ ಹೇಳಿದ್ರ ಪುಸ್ತಕ ಹರಿದೀರಿ ಅಂತ ಕಾರ್ಡ್ ಕಸ್ಗೋತಾರ. ಹೇಳದಿದ್ರ ಜೂನ್ ತಪ್ಪಿದ್ದು ತಪ್ಪಿದ್ದ, ಆಗೂ ಕಾರ್ಡ್ ಇಲ್ಲ. ಡಿಸೆಂಬರ್‌ದಾಗ ಮ್ಯಾನೇಜರ್ ಸರ ಹೇಳಿದಂಗ, ಮುದುಕಿ ಸತ್ತಿದ್ಳು ಅಂತ ಹೇಳಿಬಿಟ್ರ ಪಾಸ್. ಹೌದಿಲ್ರೀ?"

ಹೌದು ಎಂದೆ. ಅವರು ಹಾಗೆಯೇ ಹೇಳುತ್ತಾರೆ ಎಂದೂ ಎಣಿಸಿದೆ. ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಎಲ್ಲ ಪುಸ್ತಕಗಳ ಎಲ್ಲ ಫಾರಂಗಳನ್ನೂ ನೀವೇ ಓದಿದ್ದೀರಾ ಎಂದು ಕೇಳಿದೆ. ಏಪ್ರಿಲಿನ ಪತ್ತೇದಾರಿಯ ನಡುವಿನದೊಂದು ಫಾರಂ ಓದಲಿಲ್ಲ, ಕೇಳಿ ತಿಳಿದದ್ದು ಎಂದರು. ಆ ಒಂದು ಕಂತೆಗೆ ಏಪ್ರಿಲನ್ನು ತಪ್ಪು ಎನ್ನಬೇಕೋ ಬೇಡವೋ ಎಂದು ಬಸ್ಸಿನಲ್ಲಿ ಸಿಂಗಸಂದ್ರದವರೆಗೂ ಯೋಚಿಸಿದೆ. ನಾನೂ ಕೃಷಿಯ ಪುಸ್ತಕದಲ್ಲಿ ಗೊಬ್ಬರದ ಅಧ್ಯಾಯವನ್ನು ಪುಟ ಹಾರಿಸಿಯೇ ನೋಡಿದ್ದು. ಯಜಮಾನರಿಗೆ ಮೊದಲೇ ಹೋಗಿ ಹೇಳಲಿಲ್ಲ. ಅದು ಆಕೆಯ ಹೇಳಿಕೆ; ಆಕೆಯೇ ಹೇಳಬೇಕು.

ಡಿಸೆಂಬರಿನ ಕೊನೆಯ ಭಾನುವಾರ ಅವರನ್ನು ಕರೆದರು. ಜೊತೆಯವರಿಬ್ಬರೂ ಬಂದು ಬಾಗಿಲಲ್ಲಿ ನಿಂತಿದ್ದರು. ಪುಸ್ತಕ ರೊಟ್ಟಿಯ ಪುಟದಲ್ಲೇ ತೆರೆದುಕೊಂಡಿತು.

"ಇದಕ್ಕೆ ಮುಂಚೆ ಏನಾಯ್ತಮ್ಮ?"

"ಯಾವುದು ಹೇಳ್ಲಿ ಯಜಮಾನ್ರ? ಪುಸ್ತಕದಾಗ ಇದ್ದದ್ದೋ, ಕತಿಯಾಗ ಆದದ್ದೋ?"

"ಎರಡೂ ಒಂದೇ ಅಲ್ವೇನಮ್ಮ?"

"ಅಲ್ರೀ. ಆಕಿ ಎದ್ದು ಬಂದಿಲ್ಲ. ನಾವ ಹೊಲಿಯೂ ಮುಂದ ತಪ್ಪೀವಿ." ಬಿಚ್ಚಿದ್ದು, ಹಂಚಿಕೊಂಡದ್ದು, ಹೊಲಿದದ್ದು, ಎಲ್ಲವನ್ನೂ ನಿಂತಲ್ಲೇ ಹೇಳಿದರು. ಏಪ್ರಿಲಿನ ಫಾರಂ ಕೂಡ.

ಯಜಮಾನರು ನನ್ನ ಕಡೆ ಪುಸ್ತಕ ಚಾಚಿದರು. ಪುಟಸಂಖ್ಯೆಗಳನ್ನು ಗಟ್ಟಿಯಾಗಿ ಓದಿ ಹೇಳಿದೆ.

"ಪುಸ್ತಕ ಅಂದ್ರೆ ಏನಮ್ಮ, ಕೋಳಿನಾ? ಕುಯ್ದು ಪಾಲು ಆಕ್ಕಳಕ್ಕೆ?" ಎಂದರು ಯಜಮಾನರು.

"ಕೋಳಿ ಆಗಿದ್ರ ತಿರುಗಿ ಹೊಲ್ಯಾಕ ಬರ್ತಿರ್ಲಿಲ್ರೀ," ಎಂದಳು ಬಾಗಿಲಲ್ಲಿದ್ದ ಹಿರಿಯಳು.

"ಹೊಲಿದಿದ್ದಕ್ಕೇ ತಾನೇ ಇಂಗಾಗಿರೋದು! ಸುಮ್ಕಿರು ನೀನು."

ನಕ್ಕವರಲ್ಲಿ ಮ್ಯಾನೇಜರ್ ಇರಲಿಲ್ಲ. ಅವರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಪುಟಗಳನ್ನು ಹಿಂದೆ ಮುಂದೆ ತಿರುವಿದರು. "ಕಾದಂಬರಿ ಓದೋವಾಗ ಪುಟದ ನಂಬರ್ ಯಾರ್ರೀ ನೋಡ್ತಾರೆ, ಪ್ರೂಫ್ ನೋಡೋರು ಬಿಟ್ರೆ?" ಎಂದರು ನನಗೆ. ಆಮೇಲೆ ಆಕೆಯ ಕಡೆ ತಿರುಗಿ, "ಹಾಗಾದ್ರೆ ಅವಳು ಬರೋದೇ ಇಲ್ವಾ?"

"ಇಲ್ರೀ ಸರ. ಸತ್ತ ಮ್ಯಾಲ ಸತ್ಳು."

"ಛೆ. ಹಾಗಾದ್ರೆ ಇದು ಅಷ್ಟೇನೂ ಒಳ್ಳೆ ಕಾದಂಬರಿ ಅಲ್ಲ." ಆದರೆ ಪುಸ್ತಕ ಹಾಳು ಮಾಡಿದವರಿಗೆ ಕಾರ್ಡು ಕೊಡಕೂಡದು ಎಂಬ ಮಾತನ್ನೂ ಅವರೇ ಎತ್ತಿದರು. ಇವತ್ತು ಇವರು, ನಾಳೆ ಇನ್ನೊಬ್ಬರು, ಕೊನೆಗೆ ಕಪಾಟಿನಲ್ಲಿ ಉಳಿಯುವುದು ರಟ್ಟು ಮಾತ್ರ ಎಂದರು. ಅದು ತಪ್ಪು ಮಾತಾಗಿರಲಿಲ್ಲ.

ಯಜಮಾನರು ಪುಸ್ತಕವನ್ನು ಮ್ಯಾನೇಜರ್ ಕೈಯಿಂದ ವಾಪಸು ತೆಗೆದುಕೊಂಡು ಅದರ ಬೆನ್ನು ಸವರಿದರು. "ಜೂನ್ ತಿಂಗಳಾಗೆ ಈಯಮ್ಮ ಹೇಳಿದ್ದು ಸರಿ. ತಪ್ಪು ಅಂತ ನಾನಂದಿದ್ದು ತಪ್ಪು. ಏಪ್ರಿಲ್‌ನಾಗೆ ನಾನು ಕೇಳಿದ್ಕೆ ಜವಾಬು ಕೊಟ್ಟವ್ಳೆ, ಅದು ಮುಗೀತು. ಕಾರ್ಡ್ ಕೊಡ್ತೀನಿ. ಇನ್ನೊಂದ್ ದಪ ಬಿಚ್ಚಿದ್ರೆ ಅವತ್ತೇ ಕಿತ್ಕತೀನಿ. ಬರ್ಕಳಿ ಸಾರ್."

ಬರೆದುಕೊಂಡೆ. ಪುಸ್ತಕವನ್ನು ಸರಿಯಾಗಿ ಕಟ್ಟಿಕೊಡಲು ಆ ಮೂವರಿಗೇ ಒಪ್ಪಿಸಿದರು. ಅದು ಸರಿಯಾಗಿ ಬಂದ ಮೇಲೆ ಮ್ಯಾನೇಜರ್ ಮತ್ತೊಮ್ಮೆ ಒಯ್ದರು. ನಾಲ್ಕೇ ದಿನಕ್ಕೆ ತಂದಿಟ್ಟು, "ಸಾಧಾರಣ" ಎಂದರು.

ಈ ವರ್ಷ ಜನವರಿಯಲ್ಲಿ ಅದೇ ರಟ್ಟನ್ನು ತಿರುಗಿಸಿ, ಹಿಂಬದಿಯಲ್ಲಿ ಬರೆದು ತೂಗುಹಾಕಿದ್ದಾರೆ. ಪುಸ್ತಕ ಬಿಚ್ಚಬಾರದು ಎಂಬ ಸಾಲು ಹೊಸದು. ಹಿರಿಯಳೂ ಹೆಸರು ಕೊಟ್ಟಿದ್ದಾಳೆ. ಹೋದ ಭಾನುವಾರ ನಾನು ತಂದ ಪುಸ್ತಕ ಒಬ್ಬ ಹಾರ್ಮೋನಿಯಂ ರಿಪೇರಿಯವರ ನೆನಪುಗಳು. ನನಗಿಂತ ಮೊದಲು ಅದನ್ನು ಒಯ್ದಿದ್ದವರು ಕಾರ್ಡಿನ ಹೆಂಗಸು. ಅವರು ಅದನ್ನು ವಾಪಸು ಕೊಟ್ಟದ್ದೂ ಅದೇ ಬೆಳಿಗ್ಗೆ. ಪುಟಸಂಖ್ಯೆಗಳೆಲ್ಲ ಸರಿಯಾಗಿವೆ. ಬೆನ್ನಿನ ಅಂಟು ಇನ್ನೂ ಆರದೆ ಬೆರಳಿಗೆ ಹತ್ತಿತು.